ಎಡಮುರಿ ಎಳೆ

ಬಾತುಗಳ ಗೂಡಿನ ಬಾಗಿಲು ತೆಗೆಯುತ್ತಿರುವಾಗ ಮಹೇಶ್ವರಿಗೆ ಉಂಡೆಗಳನ್ನು ಇನ್ನೊಮ್ಮೆ ಬಿಚ್ಚಿ ಸುತ್ತಬೇಕೇನೋ ಅನ್ನಿಸಿತು. ನಿನ್ನೆಯಷ್ಟೇ ಸುತ್ತಿ ಮುಗಿಸಿ, ಬುಟ್ಟಿಯಲ್ಲಿ ಜೋಡಿಸಿ, ಮೇಲೊಂದು ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿ ಇಟ್ಟಿದ್ದಳು. ಪ್ರತಿ ಉಂಡೆಯ ಮೇಲಿನ ಸುತ್ತುಗಳೆಲ್ಲ ಅತ್ತೆ ನೂತ ನೂಲು, ಒಳಗಿನದೆಲ್ಲ ತನ್ನದು. ಎರಡೂ ಮನೆಯ ಕುರಿಗಳ ಕರಿ ಉಣ್ಣೆಯೇ. ಒಂದೇ ಹೊಳೆಯಲ್ಲಿ ತೊಳೆದು, ಒಂದೇ ಬಂಡೆಯ ಮೇಲೆ ಒಣಗಿಸಿ, ಅವಳೇ ಕೂತು ಹಿಂಜಿದ್ದು. ಹೊರಗಿನಿಂದ ನೋಡಿದರೆ ಬೇರೆ ಅನ್ನುವ ಹಾಗೇ ಇಲ್ಲ. ಇವತ್ತು ಕಂಬಳಿ ನೇಯುವ ಹುಲ್ಲಪ್ಪ ಬಂದು ಒಯ್ಯುತ್ತಾನೆ. ಒಯ್ದು ಮಗ್ಗಕ್ಕೆ ಹಾಕಿಬಿಟ್ಟರೆ ಮುಗಿಯಿತು, ಸಂಕ್ರಾಂತಿ ಕಳೆದ ಮೇಲೆ ಮಗಳು ಪ್ರಿಯದರ್ಶಿನಿ ಮದುಮಗನ ಪಕ್ಕ ಆ ಕಂಬಳಿಯ ಮೇಲೆ ಕೂತಿರುತ್ತಾಳೆ, ತಾಯಿ ನೂತದ್ದು ಅವಳ ಕೆಳಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೂ ಗೊತ್ತಾಗಬಾರದು ಎನ್ನುವುದು ತನ್ನ ಆಸೆಯೋ ಹೆದರಿಕೆಯೋ ಎಂಬುದು ಈಚೆಗೆ ಅವಳಿಗೇ ತಿಳಿಯುತ್ತಿರಲಿಲ್ಲ. ಬಾತುಗಳು ಬಾಗಿಲಲ್ಲಿ ಒಂದನ್ನೊಂದು ತಳ್ಳುತ್ತ ಬೈದಾಡುತ್ತ ಹೊರಬಿದ್ದವು. ಹೊರಬಿದ್ದ ಕೂಡಲೇ ಏನೂ ನಡೆದಿಲ್ಲವೆಂಬಂತೆ ಸಾಲು ಹಿಡಿದು ಹೊಳೆಯ ಕಡೆ ಹೊರಟವು. ಅವಳು ಬಗ್ಗಿ, ಗೂಡಿನ ಹುಲ್ಲಿನೊಳಗೆ ಕೈಯಾಡಿಸಿ, ಬೆಚ್ಚಗಿದ್ದ ತತ್ತಿಗಳನ್ನು ಎಡಗೈಯಿಂದ ಹೆಕ್ಕತೊಡಗಿದಳು.

ಶಿವಯೋಗ ಮಂದಿರದಿಂದ ಹೊಳೆಗುಂಟ ಕೆಳಗೆ ನಡೆದು ಬಂದರೆ ಸಿಗುವ ತುಂಡು ಹೊಲ ಅದು. ಮೇಲಿನ ಅರ್ಧದಲ್ಲಿ ಜೋಳ, ಉಳ್ಳಾಗಡ್ಡಿ. ಕೆಳಗಿನ ಅರ್ಧ ತಗ್ಗು. ಮಲಪ್ರಭೆ ತುಂಬಿ ಇಳಿದ ಮೇಲೂ ಅಲ್ಲಿ ನೀರು ಮೊಣಕಾಲುದ್ದ ನಿಂತುಬಿಡುತ್ತಿತ್ತು. ಒಂದು ವರ್ಷ ಕುರಿಗಳು ಒಂದೊಂದಾಗಿ ಸೊರಗಿ, ಗದ್ದದ ಕೆಳಗೆ ನೀರು ತುಂಬಿಕೊಂಡು ಬಿದ್ದವು. ದನದ ದವಾಖಾನೆಯ ಡಾಕ್ಟರು ಬಂದು, ನಿಂತ ನೀರಿನ ಬಸವನಹುಳುವಿನಿಂದ ಕುರಿಯ ಹೊಟ್ಟೆಗೆ ರೋಗ ಸೇರುತ್ತದೆ, ಬಾತು ಸಾಕಿದರೆ ಅವು ಆ ಹುಳುಗಳನ್ನು ಹೆಕ್ಕಿ ತಿನ್ನುತ್ತವೆ ಎಂದು ಹೇಳಿ ಹೋದರು. ಗಂಡ ದುರ್ಗಪ್ಪ ನಕ್ಕು ಸುಮ್ಮನಾದ. ಮಹೇಶ್ವರಿ ಮಾತ್ರ ಬದಾಮಿಯ ಸಂತೆಗೆ ಹೋಗಿ ಮರಿಗಳನ್ನು ತಂದೇಬಿಟ್ಟಳು. “ಕುರಿ ಕಾಯೂ ಮನ್ಯಾಗ ನೀರಾಗಿನ ಹಕ್ಕಿ ಯಾಕ” ಎಂದು ಅತ್ತೆ ಶಾರವ್ವ ಅವುಗಳ ತತ್ತಿಯನ್ನು ಇವತ್ತಿನವರೆಗೂ ಬಾಯಿಗೆ ಹಾಕಿದವಳಲ್ಲ. ಮರುವರ್ಷ ಕುರಿಗಳು ಸಾಯುವುದು ನಿಂತಿತು. ಅದನ್ನು ಬಾತುಗಳ ಲೆಕ್ಕಕ್ಕೆ ಬರೆಯಲು ಶಾರವ್ವ ಒಪ್ಪಲಿಲ್ಲ, ದೇವರ ಲೆಕ್ಕಕ್ಕೆ ಬರೆದಳು. ಆದರೂ ಮಹೇಶ್ವರಿಗೆ ಬಾತುಗಳೆಂದರೆ ಒಂದು ಬಗೆಯ ಋಣ ಅನ್ನಿಸುತ್ತಿತ್ತು. ಕುರಿಗೆ ಶಾಸ್ತ್ರವಿತ್ತು, ಉಣ್ಣೆಗೆ ಶಾಸ್ತ್ರವಿತ್ತು, ಯಾವ ವಾರ ಕತ್ತರಿಸಬೇಕು, ಯಾರು ಮೊದಲು ಮುಟ್ಟಬೇಕು ಎಂಬುದಕ್ಕೆಲ್ಲ ಶಾಸ್ತ್ರವಿತ್ತು. ಬಾತಿನ ಶಾಸ್ತ್ರ ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವ ಕೈಯಿಂದ ಕಾಳು ಚೆಲ್ಲಿದರೂ ಅವು ತಿನ್ನುತ್ತಿದ್ದವು, ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವುಗಳನ್ನು ಕಾಯುತ್ತ ಹೊಳೆದಂಡೆಯ ಜಾಲಿಯ ನೆರಳಲ್ಲಿ ಕೂತಾಗ ಅವಳು ಸೆರಗಿನಿಂದ ತಕಲಿ ತೆಗೆದು, ಕಸದ ಬುಟ್ಟಿಗೆ ಹೋಗಬೇಕಾದ ತುಂಡು ಉಣ್ಣೆಯನ್ನು ನೂಲುತ್ತಿದ್ದಳು. ನೂತು ಏನು ಮಾಡುವುದು? ಗೂಡಿನ ಬಲೆ ಕಟ್ಟಿದಳು, ಚೀಲದ ಬಾಯಿ ಕಟ್ಟಿದಳು. ಹಿತ್ತಲಿನಲ್ಲಿ ಕಟ್ಟುವಂಥದ್ದು ಏನಿತ್ತೋ ಅದೆಲ್ಲ ಅವಳ ನೂಲಿನಿಂದ ಕಟ್ಟಿಸಿಕೊಂಡಿತ್ತು. ಕಟ್ಟಿದ ಗಂಟುಗಳನ್ನು ಹತ್ತಿರ ಹೋಗಿ ನೋಡುವ ಪುರುಸೊತ್ತು ಮನೆಯಲ್ಲಿ ಯಾರಿಗೂ ಇರಲಿಲ್ಲ.

ತತ್ತಿಯ ಬುಟ್ಟಿ ಹಿಡಿದು ಬದುವಿನ ಮೇಲೆ ನಡೆಯುವಾಗ ಅಂಗಳ ಕಂಡಿತು. ಬಿಸಿಲು ಆಗಲೇ ಪಡಸಾಲೆಯ ಕಟ್ಟೆಗೆ ಬಂದಿತ್ತು. ಆ ಕಟ್ಟೆಯ ಮೇಲೇ ಅವತ್ತೂ ಬಿಸಿಲಿತ್ತು. ಬೇವೂರಿನಿಂದ ಮದುವೆಯಾಗಿ ಬಂದ ಮೊದಲ ಚಳಿಗಾಲ; ಓಣಿಯ ಹೆಂಗಸರೆಲ್ಲ ಕೂತು ನೂಲುತ್ತಿದ್ದರು. “ಹಿಡಿ, ನಮ್ಮ ಮನಿ ಕಸಬ ಕಲಿ” ಎಂದು ಶಾರವ್ವನೇ ತಕಲಿ ಕೊಟ್ಟಿದ್ದಳು. ಕೊಟ್ಟ ಧ್ವನಿಯಲ್ಲಿ ಅಕ್ಕರೆಯಿತ್ತು, ಅದನ್ನು ಮಹೇಶ್ವರಿ ಇಂದಿಗೂ ಅಲ್ಲಗಳೆಯಲಾರಳು. ಬಲಗೈಯಲ್ಲಿ ಉಣ್ಣೆ ಹಿಡಿದು ಎಡಗೈಯಿಂದ ತಕಲಿಯನ್ನು ತಿರುವಿಬಿಟ್ಟಳು. ಅದು ನೆಲ ಮುಟ್ಟುವವರೆಗೆ ಒಂದೇ ಸಮ ತಿರುಗಿತು. ಎಳೆ ಸಣ್ಣಗೆ, ಗಂಟಿಲ್ಲದೆ ಬಂತು. ಹೊಗಳುತ್ತಾರೆಂದು ತಲೆ ಎತ್ತಿದಳು. ಶಾರವ್ವ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಉಳಿದವರ ನೂಲಿನ ತಿರುವು ಒಂದು ಕಡೆ ವಾಲಿದರೆ ಇದರದು ಇನ್ನೊಂದು ಕಡೆ ವಾಲಿತ್ತು. “ಇದು ಎಡಮುರಿ” ಎಂದಳು. “ಇದು ಸಿದಿಗಿ ಕಟ್ಟೂ ಹುರಿ ಹೊಸಿಯೂ ಕೈ. ಲಗ್ನದ ಕಂಬಳಿಗೆ ಆಗೂದಿಲ್ಲವ್ವಾ” ಎಂದು ಎಳೆಯನ್ನು ಹರಿದಳು. ಆ ಊರಿನಲ್ಲಿ ಎಲ್ಲ ಹಗ್ಗವನ್ನೂ ಬಲಕ್ಕೆ ಹೊಸೆಯುತ್ತಾರೆ, ಹೆಣ ಹೊರುವ ಸಿದಿಗೆಯ ಹಗ್ಗವನ್ನು ಮಾತ್ರ ಎಡಕ್ಕೆ. ಹೆಂಗಸರು ನಕ್ಕರು. ಕೆಟ್ಟ ನಗೆಯೇನಲ್ಲ, ಹೊಸ ಸೊಸೆ ಸಾರಿಗೆ ಉಪ್ಪು ಮರೆತರೆ ನಗುವಂಥದ್ದು. ಆದರೆ ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಎಡಚಿ ಎಂದಾಯಿತು. ಶಾರವ್ವ ಅದನ್ನು ಸಿಟ್ಟಿನಿಂದ ಕರೆಯುತ್ತಿರಲಿಲ್ಲ. ಸಿಟ್ಟಿನಿಂದ ಕರೆದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು.

ಆಮೇಲೆ ಉಣ್ಣೆ ಕತ್ತರಿಸುವಾಗ ಕುರಿಯ ಕಾಲು ಹಿಡಿಯುವುದು, ತೊಳೆಯುವುದು, ಮುಳ್ಳು ಆರಿಸುವುದು, ಹಿಂಜುವುದು, ಎಲ್ಲ ಅವಳ ಪಾಲಿಗೆ ಬಂತು. ನೂಲುವುದು ಮಾತ್ರ ಅತ್ತೆಯದು. ಈ ಮನೆಯ ಹೆಣ್ಣುಮಗಳು ಮದುವೆಯಲ್ಲಿ ಕೂರುವ ಕಂಬಳಿಯನ್ನು ಮನೆಯ ಕುರಿಯ ಉಣ್ಣೆಯಿಂದ, ಮನೆಯ ಹೆಂಗಸರೇ ನೂತು ಮಾಡಿಸಬೇಕು. ಪ್ರಿಯದರ್ಶಿನಿ ನರ್ಸಿಂಗ್ ಮುಗಿಸಿ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ದಿನವೇ ಶಾರವ್ವ ಅವಳ ಕಂಬಳಿಗೆ ಕೂತಳು. ಮಗ್ಗದ ಉದ್ದಕ್ಕೆ ಕಟ್ಟುವ ಹಾಸಿನ ನೂಲನ್ನೆಲ್ಲ ಮುಗಿಸಿ ಹುಲ್ಲಪ್ಪನಿಗೆ ಕೊಟ್ಟದ್ದಾಗಿತ್ತು. ಅಡ್ಡಕ್ಕೆ ನೇಯುವ ಹೊಕ್ಕಿನ ನೂಲು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಶ್ರಾವಣದ ಒಂದು ಬೆಳಿಗ್ಗೆ ಲಕ್ವಾ ಹೊಡೆದು ಶಾರವ್ವ ಹಿತ್ತಲಲ್ಲಿ ಬಿದ್ದಳು. ಎತ್ತಲು ಓಡಿದ ಮಹೇಶ್ವರಿ ಅವಳ ಬಲಗೈಯನ್ನು ಹಿಡಿದು ಎಳೆದಾಗ ಅದು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಆ ಗಳಿಗೆಯಲ್ಲಿ, ಗಂಡನನ್ನು ಕೂಗುವುದಕ್ಕೂ ಮುಂಚೆ, ಅವಳ ತಲೆಯೊಳಗೆ ಬಂದ ಮಾತು ಒಂದೇ: ಇನ್ನ ಅತ್ತಿನೂ ಎಡಚಿ. ಆ ಮಾತು ತನ್ನದೇ ಎಂದು ಅವಳು ಎಷ್ಟೋ ದಿನ ನಂಬಲಿಲ್ಲ. ಯಾರೋ ಹಿಂದಿನಿಂದ ನಿಂತು ಹೇಳಿದ ಹಾಗಿತ್ತು. ಹೇಳಿದವರು ನಕ್ಕ ಹಾಗೂ ಇತ್ತು.

ಒಳಗೆ ಬಂದು ತತ್ತಿ ಇಟ್ಟು, ಕೈ ತೊಳೆದು, ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿ ಅತ್ತೆಯ ಮಂಚದ ಹತ್ತಿರ ಕೂತಳು. ಶಾರವ್ವ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಹೊಳೆಯ ಕಡೆ ನೋಡುತ್ತಿದ್ದಳು. ಬಾಯಿಯ ಒಂದು ಬದಿ ಇಳಿದಿತ್ತು, ಮಾತು ಒಂದೋ ಎರಡೋ ಬರುತ್ತಿದ್ದವು, ಅವೂ ಬಹಳ ಹೊತ್ತು ಹುಡುಕಿದ ಮೇಲೆ. ಲಕ್ವಾ ಹೊಡೆದ ಹೊಸದರಲ್ಲಿ ದವಾಖಾನೆಯವರು ಎಡಗೈಯಿಂದ ಉಣ್ಣುವುದನ್ನು ರೂಢಿ ಮಾಡಿಸಿ ಎಂದಿದ್ದರು. ಶಾರವ್ವ ತಟ್ಟೆ ನೂಕಿ ಗೋಡೆಗೆ ಮುಖ ಮಾಡಿದ್ದಳು. ಆ ಕೈಯಿಂದ ಬಾಯಿಗೆ ತುತ್ತು ಇಡುವುದಕ್ಕಿಂತ ಉಪವಾಸ ವಾಸಿ ಎಂಬುದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ಮಹೇಶ್ವರಿ ಉಣ್ಣಿಸಿದಳು, ಬಲಗೈಯಿಂದ. ಉಣ್ಣುವುದು, ಉಣ್ಣಿಸುವುದು, ಅರಿಷಿಣ ಹಚ್ಚುವುದು, ಕೊಡುವುದು, ತೆಗೆದುಕೊಳ್ಳುವುದು, ಇವಿಷ್ಟಕ್ಕೆ ಅವಳ ಬಲಗೈಯನ್ನು ಬೇವೂರಿನ ತಾಯಿ ಸಣ್ಣಂದಿನಲ್ಲೇ ಬಡಿದು ತಯಾರು ಮಾಡಿದ್ದಳು. ಈಗಲೂ ಪ್ರತಿ ತುತ್ತಿಗೆ ಶಾರವ್ವ ಆ ಬಲಗೈಯನ್ನೇ ನೋಡುತ್ತಿದ್ದಳು. ತುತ್ತನ್ನು ನೋಡುತ್ತಾಳೋ ಕೈಯನ್ನು ಕಾಯುತ್ತಾಳೋ ಗೊತ್ತಾಗುತ್ತಿರಲಿಲ್ಲ. ಮಹೇಶ್ವರಿಗೆ ಕನಿಕರ ಬರುತ್ತಿತ್ತು, ಕನಿಕರದ ಹಿಂದೆಯೇ ಸಿಟ್ಟೂ ಬರುತ್ತಿತ್ತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ತುತ್ತನ್ನು ದೊಡ್ಡದು ಮಾಡುತ್ತಿದ್ದಳು.

“ಇವತ್ತ ಹುಲ್ಲಪ್ಪ ಬರ್ತಾನ, ಅತ್ತಿ. ನೂಲ ಒಯ್ಯಾಕ” ಎಂದಳು. ಶಾರವ್ವ ಅಗಿಯುವುದನ್ನು ನಿಲ್ಲಿಸಿದಳು. ನೂಲು ಎಲ್ಲಿಂದ ಬಂತು ಎಂದು ಅವಳು ಕೇಳಬಹುದಿತ್ತು. ಅರ್ಧಕ್ಕೆ ನಿಂತದ್ದು ಅವಳಿಗೆ ಗೊತ್ತು. ಕೇಳಲಿಲ್ಲ, ಅಥವಾ ಕೇಳುವ ಮಾತು ಸಿಗಲಿಲ್ಲ. ಬೇರೆ ಯಾರಿಂದಲಾದರೂ ನೂಲಿಸಿರಬೇಕು ಎಂದುಕೊಂಡಿರಬಹುದು. ಮಹೇಶ್ವರಿ ಮೊದಲು ನಿಯತ್ತಿನಿಂದಲೇ ಪ್ರಯತ್ನಪಟ್ಟಿದ್ದಳು. ಬಲಗೈಯಲ್ಲಿ ತಕಲಿ ಹಿಡಿದು ತಿರುವಿದರೆ ಅದು ಕುಡಿದವನ ಹಾಗೆ ವಾಲಿ ಬೀಳುತ್ತಿತ್ತು. ಎಳೆ ಒಂದು ಕಡೆ ಬೆರಳು ದಪ್ಪ, ಇನ್ನೊಂದು ಕಡೆ ಹರಿಯುವಷ್ಟು ಸಣ್ಣ. ಒಂದು ತಿಂಗಳು ಹಾಗೆ ಮಾಡಿ ಬಂದದ್ದನ್ನು ನೋಡಿ ತಾನೇ ನಾಚಿ ಒಲೆಗೆ ಹಾಕಿದ್ದಳು; ಉಣ್ಣೆ ಸುಟ್ಟ ವಾಸನೆ ಮನೆಯೆಲ್ಲ ತುಂಬಿ ಗಂಡ ಎದ್ದು ಬಂದಿದ್ದ. “ಯಾವ ಕೈಲೆ ನೂತರೇನು, ಕಂಬಳಿ ಬೆಚ್ಚಗ ಇರೂದಿಲ್ಲೇನು?” ಎಂದಿದ್ದ ದುರ್ಗಪ್ಪ. ಒಳ್ಳೆಯ ಮಾತೇ. ಆದರೆ ತಾಯಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಿದ್ದ. ಇಷ್ಟು ವರ್ಷ ಅವನ ಒಳ್ಳೆಯ ಮಾತುಗಳೆಲ್ಲ ಅಷ್ಟೇ ಮೆಲ್ಲಗೆ ಬಂದವು. ಮರುದಿನ ಅವಳು ಚೊಲೋ ಉಣ್ಣೆಯ ಚೀಲವನ್ನೇ ಹೊಳೆದಂಡೆಗೆ ಒಯ್ದು, ಬಾತುಗಳನ್ನು ನೀರಿಗೆ ಬಿಟ್ಟು, ಎಡಗೈಯಿಂದ ನೂಲಲು ಕೂತಳು. ಕೈ ನಗುತ್ತಿರುವಂತೆ ಕೆಲಸ ಮಾಡಿತು.

ಮೊನ್ನೆ ಪ್ರಿಯದರ್ಶಿನಿ ಫೋನು ಮಾಡಿದ್ದಳು. ದವಾಖಾನೆಯ ವಾರ್ಡಿನ ಸದ್ದಿನ ನಡುವೆ, “ಅವ್ವಾ, ಕಂಬಳಿ ನೂಲ ಮುಗೀತೇನ? ನಮ್ಮ ಆಯಿ ಕೈಲೆ ನೂತ ಕಂಬಳಿ ಮ್ಯಾಲ ಕೂಡ್ತೇನಿ ಅಂತ ಎಲ್ಲಾರ ಮುಂದ ಹೇಳೇನಿ” ಎಂದಳು. ಅಜ್ಜಿ ನೂತದ್ದೆಂದು ಹುನಗುಂದದ ಬೀಗರಿಗೂ ಹೇಳಿದ್ದಾಳಂತೆ, ಅವರಿಗೆ ಬಹಳ ಖುಷಿಯಾಯಿತಂತೆ. “ಹೂಂ, ಮುಗೀತು” ಎಂದಳು ಮಹೇಶ್ವರಿ. ಫೋನು ಇಟ್ಟ ಮೇಲೆ ಎದೆಯಲ್ಲಿ ಏನೋ ಸಣ್ಣದು ಚುಚ್ಚಿದ ಹಾಗಾಯಿತು. ಮಗಳು ತಪ್ಪೇನೂ ಆಡಿರಲಿಲ್ಲ. ಈ ಮನೆಯಲ್ಲಿ ನೂಲುವವಳು ಆಯಿ, ಬಾತು ಕಾಯುವವಳು ಅವ್ವ ಎಂದು ನೋಡಿ ಬೆಳೆದವಳು. ಅವತ್ತೇ ಅವಳು ಉಂಡೆಗಳನ್ನು ಬಿಚ್ಚಿ, ತನ್ನದನ್ನು ಒಳಗೆ ಮಾಡಿ, ಅತ್ತೆಯದನ್ನು ಮೇಲೆ ಮಾಡಿ ಸುತ್ತಲು ಶುರು ಮಾಡಿದ್ದು. ಸುತ್ತುವಾಗ ಕಣ್ಣಿನಲ್ಲಿ ನೀರು ಬಂದು, ಇದೇನು ಸುಡುಗಾಡು ಎಂದು ತನ್ನನ್ನೇ ಬೈದುಕೊಂಡಿದ್ದಳು.

ದುರ್ಗಪ್ಪ ಪಟ್ಟದಕಲ್ಲಿಗೆ ಹೋಗಿದ್ದ. ಅಲ್ಲಿ ಪ್ರವಾಸಿಗರು ಬರುವ ಒಂದು ಖಾನಾವಳಿಗೆ ಬಾತಿನ ತತ್ತಿ ಹಾಕಿ, ಸಂಜೆಯ ಬಸ್ಸಿಗೆ ಬರುವವನು. ಹೊತ್ತು ನೆತ್ತಿಯಿಂದ ಸ್ವಲ್ಪ ಇಳಿದಾಗ ಹುಲ್ಲಪ್ಪನ ಹಳೆಯ ಮೊಪೆಡ್ಡಿನ ಸದ್ದು ಕೇಳಿತು. ಹುಲ್ಲಪ್ಪ ದೊಡ್ಡ ಆಳು, ಮಗ್ಗದ ಗುಂಡಿಯಲ್ಲಿ ಕೂತು ಕೂತು ನಡು ಬಾಗಿದ್ದರೂ ಪಡಸಾಲೆಗೆ ಬಂದರೆ ಜಾಗ ಸಣ್ಣದಾಗುತ್ತಿತ್ತು. ಮಂಚದ ಹತ್ತಿರ ಹೋಗಿ, “ಹೆಂಗದೀ ಶಾರವ್ವಾ? ನಿನ್ನ ಕಂಬಳಿ ನೇಯೂತನಾ ನಾನೂ ಸಾಯೂದಿಲ್ಲ, ನೀನೂ ಸಾಯಬ್ಯಾಡ” ಎಂದ. ಶಾರವ್ವ ಬಾಯಿಯ ಒಂದು ಬದಿಯಲ್ಲಿ ನಕ್ಕಳು. ಮಹೇಶ್ವರಿ ಚಹಾ ತಂದುಕೊಟ್ಟು, ಬುಟ್ಟಿ ತಂದು ಮುಂದಿಟ್ಟು, ಮೇಲಿನ ಸೀರೆಯ ತುಂಡು ಸರಿಸಿ, ಬಾಗಿಲಿಗೆ ಆತುಕೊಂಡು ನಿಂತಳು. ಅವನು ಒಂದು ಉಂಡೆ ಎತ್ತಿ, ಮೇಲಿನ ಎಳೆಯನ್ನು ಹೆಬ್ಬೆರಳಿನಿಂದ ತೀಡಿದ. “ಇದಕ್ಕ ಅಂತಾರ ನೂಲು” ಎಂದ. ಅವಳ ಉಸಿರು ಸಲೀಸಾಯಿತು.

ಆಮೇಲೆ ಅವನು ಮಾಡಿದ್ದನ್ನು ಅವಳು ಎಂದೂ ಎಣಿಸಿರಲಿಲ್ಲ. ಉಂಡೆಯ ಹೊಟ್ಟೆಗೆ ಎರಡು ಬೆರಳು ತೂರಿಸಿ, ಒಳಗಿನ ತುದಿಯನ್ನು ಹುಡುಕಿ ಹೊರಕ್ಕೆ ಎಳೆದ. ನೇಯುವವರು ನೂಲನ್ನು ಒಳಗಿನಿಂದ ಬಿಚ್ಚುತ್ತಾರೆ. ಹೊರಗಿನಿಂದ ಬಿಚ್ಚಿದರೆ ಉಂಡೆ ಉರುಳಿ ಮಗ್ಗದ ಗುಂಡಿಯೆಲ್ಲ ಸಿಕ್ಕಾಗುತ್ತದೆ. ಇಷ್ಟು ವರ್ಷ ಕಂಬಳಿಯ ಮನೆಯಲ್ಲಿದ್ದೂ ಅವಳು ಒಂದು ಸಲವೂ ಮಗ್ಗದ ಹತ್ತಿರ ಹೋದವಳಲ್ಲ, ಅತ್ತ ಹೋಗುವ ಕೆಲಸ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಅವಳು ಬಚ್ಚಿಟ್ಟದ್ದೇ ಅವನ ಕೈಗೆ ಮೊದಲು ಬಂತು. ಹುಲ್ಲಪ್ಪ ಚೀಲದಿಂದ ಹಾಸಿನ ನೂಲಿನ ತುಂಡೊಂದನ್ನು ತೆಗೆದು, ಎರಡರ ತುದಿಗೂ ಉಗುಳು ಹಚ್ಚಿ, ಜೋಡಿಸಿ, ತೊಡೆಯ ಮೇಲೆ ಅಂಗೈಯಿಂದ ಹೊಸೆದ. ಕೈ ತೆಗೆದ ಕೂಡಲೇ ಎರಡೂ ಬಿಚ್ಚಿಕೊಂಡು ಬೇರೆ ಬೇರೆ ಬಿದ್ದವು. ಮತ್ತೊಮ್ಮೆ ಹೊಸೆದ, ಮತ್ತೂ ಬಿಚ್ಚಿತು. ಬಲಕ್ಕೆ ಹೊಸೆದರೆ ಒಂದು ಬಿಗಿಯಾಗುತ್ತದೆ, ಇನ್ನೊಂದು ತೆರೆದುಕೊಳ್ಳುತ್ತದೆ. ಅದು ಅವಳಿಗೂ ಗೊತ್ತಿತ್ತು. ಅವನು ಎಳೆಯನ್ನು ಬಾಗಿಲ ಬೆಳಕಿಗೆ ಹಿಡಿದ.

“ಇದು ಯಾರ ನೂಲವ್ವಾ?” ಎಂದ ಹುಲ್ಲಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ನಂದು ಎನ್ನಬೇಕಿತ್ತು. ಬುಟ್ಟಿಯನ್ನು ಅಲ್ಲೇ ಬಿಟ್ಟು ಅವನು ಎದ್ದು ಹೋಗುವುದು, ಸಿದಿಗೆಯ ನೂಲನ್ನು ಮದುವೆಯ ಉಂಡೆಯೊಳಗೆ ಮುಚ್ಚಿಟ್ಟಳಂತೆ ಎಂದು ಹುನಗುಂದದವರೆಗೆ ಮಾತು ಹೋಗುವುದು, ಮಗಳು ಫೋನಿನಲ್ಲಿ ಸುಮ್ಮನಾಗುವುದು, ಎಲ್ಲವೂ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು. ಬಾಯಿ ಬೇರೆಯದನ್ನೇ ಹೇಳಿತು. “ಅತ್ತಿದರಿ. ಲಕ್ವಾ ಹೊಡದ ಮ್ಯಾಲ ಎಡಗೈಲೆ ನೂತಾರ. ಉಣ್ಣಿ ನಾ ಹಿಡದೇನಿ, ತಕಲಿ ಅವರ ತಿರಿವ್ಯಾರ.”

ಹೇಳಿ ಮುಗಿಸಿದ ಮೇಲೆ ಮಂಚದ ಕಡೆ ನೋಡುವ ಧೈರ್ಯ ಅವಳಿಗಾಗಲಿಲ್ಲ. ಎಡಗೈಯಿಂದ ಒಂದು ತುತ್ತು ಉಣ್ಣಲು ಒಪ್ಪದ ಹೆಂಗಸಿನ ತಲೆಗೆ, ಅವಳ ಕಿವಿಯ ಮುಂದೆಯೇ, ಎಡಮುರಿ ನೂಲನ್ನು ಕಟ್ಟಿದ್ದಾಯಿತು. ಅತ್ತೆಗೆ ಮಾತು ಬರುವುದಿಲ್ಲವೆಂದು ತಾನೇ ಇಷ್ಟು ಸುಲಭವಾಗಿ ಹೇಳಲಿಕ್ಕಾದದ್ದು? ಅಂಗಳದಲ್ಲಿ ಬಾತುಗಳು ಹೊಳೆಯಿಂದ ತಿರುಗಿ ಬಂದು, ಮೊಪೆಡ್ಡಿನ ಸುತ್ತ ನಿಂತು ಅದನ್ನು ಬೈಯುತ್ತಿದ್ದವು. ಹುಲ್ಲಪ್ಪ ಮೆಲ್ಲಗೆ ಎದ್ದು ಮಂಚದ ಹತ್ತಿರ ಹೋಗಿ ಬಗ್ಗಿದ.

“ಖರೆ ಏನ, ಶಾರವ್ವಾ? ಇದು ನಿಂದೇನ?”

ಶಾರವ್ವ ಅವನನ್ನು ನೋಡಲಿಲ್ಲ. ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದಳು. ಆಮೇಲೆ ಅವನ ಬೆರಳಿನಲ್ಲಿ ಜೋತಿದ್ದ ಎಳೆಯನ್ನು ನೋಡಿದಳು. ಅದನ್ನು ಎಡಗೈಯಿಂದ ಹಿಡಿದು, ಹೆಬ್ಬೆರಳಿನಿಂದ ತೀಡಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಜಾರಿಸಿದಳು. ಎಲ್ಲಿಯೂ ಗಂಟು ಸಿಗಲಿಲ್ಲ. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

“ಹೂಂ,” ಎಂದಳು. “ನಂದ.”

ಹುಲ್ಲಪ್ಪನ ಕಣ್ಣುಗಳು ತುಂಬಿದವು. ದೊಡ್ಡ ಅಂಗೈಯಿಂದ ಮುಖ ಒರೆಸಿಕೊಂಡು, “ಇಂಥಾ ಬ್ಯಾನ್ಯಾಗನೂ ಮಮ್ಮಗಳ ಸಲುವಾಗಿ ನೂತೀ ಅಂದ್ರ ನಿನಗ ನಾ ಏನ ಹೇಳ್ಲಿ” ಎಂದ. “ಇದಕ್ಕ ದ್ವಾಷ ಇಲ್ಲ. ಬ್ಯಾನಿ ಬಂದ ಕೈಗೆ ಯಾವ ಶಾಸ್ತ್ರ? ಯಾರರೆ ಕೇಳಿದ್ರ ನಾ ಹೇಳ್ತೇನಿ.” ಉಂಡೆಗಳನ್ನು ಚೀಲಕ್ಕೆ ತುಂಬುತ್ತ ಕೈಯಲ್ಲೇ ತೂಗಿ ನೋಡಿದ. ಕಂಬಳಿಯ ಸೆರಗಿನ ಕಡೆ ಸ್ವಲ್ಪ ಕಡಿಮೆ ಬೀಳುತ್ತದೆ ಎಂದ. “ಇನ್ನೊಂದ ಉಂಡಿ ಬೇಕವ್ವಾ. ಅದೂ ಎಡಮುರಿನ ಆಗಬೇಕ, ಎಡಮುರಿಗಿ ಎಡಮುರಿನ ಕೂಡತೈತಿ. ಮುಂದಿನ ವಾರ ಬಂದ ಒಯ್ತೇನಿ. ಶಾರವ್ವನ ಕೈಲೇ ಆಗ್ಲಿ.” ಮಹೇಶ್ವರಿ ಒಳಗೆ ಹೋಗಿ ನಾಲ್ಕು ಬಾತಿನ ತತ್ತಿ ಕಾಗದದಲ್ಲಿ ಸುತ್ತಿ ತಂದುಕೊಟ್ಟಳು. ಬಲಗೈಯಿಂದಲೇ ಕೊಟ್ಟಳು. ಮೊಪೆಡ್ಡಿನ ಸದ್ದು ಬದುವಿನ ಆಚೆ ಹೋಗುವವರೆಗೆ ಅಂಗಳದಲ್ಲೇ ನಿಂತಿದ್ದಳು.

ಅವಳ ನೂಲು ಮಗಳ ಕಂಬಳಿಗೆ ಹೋಯಿತು. ಅವಳು ಬೇಡಿದ್ದು ಅದೇ. ಆದರೆ ಎದೆಯಲ್ಲಿ ಹಗುರವಾಗಲಿಲ್ಲ, ಯಾರೋ ಮನೆ ಹೊಕ್ಕು ಏನನ್ನೋ ಒಯ್ದ ಹಾಗೆ ಖಾಲಿ ಖಾಲಿ ಅನ್ನಿಸಿತು. ನಂದಲ್ಲ ಎಂದು ಶಾರವ್ವ ತಲೆ ಅಲ್ಲಾಡಿಸಿದ್ದರೆ ಅವಮಾನವಾಗುತ್ತಿತ್ತು, ಆದರೆ ನೂಲು ತನ್ನದೆಂದು ಒಮ್ಮೆಯಾದರೂ ಹೊರಗೆ ಬರುತ್ತಿತ್ತು. ಸುಳ್ಳನ್ನು ಅತ್ತೆ ಹಿಡಿದುಬಿಡಲಿ ಎಂದೇ ತಾನು ಕಾದಿದ್ದೆನೇನೋ ಎಂದು ಈಗ ಅನ್ನಿಸಿತು. ಎಡಗೈಯ ಕಳಂಕವನ್ನು ತನ್ನ ಮೇಲೆ ಎಳೆದುಕೊಂಡು ಅತ್ತೆ ತನ್ನನ್ನು ಉಳಿಸಿದಳೋ, ಅಥವಾ ಇಷ್ಟು ವರ್ಷ ತಕಲಿಯನ್ನು ಕಸಿದುಕೊಂಡದ್ದು ಸಾಲದೆ ಈಗ ನೂತದ್ದನ್ನೂ ಕಸಿದುಕೊಂಡಳೋ? ಸುಳ್ಳು ಶುರುಮಾಡಿದವಳು ತಾನು, ಅದನ್ನು ಕೇಳುವ ಹಕ್ಕೂ ತನಗಿಲ್ಲ. ಆದರೂ ಕೇಳದೆ ಇರಲಾಗಲಿಲ್ಲ. ಪಡಸಾಲೆಗೆ ಬಂದು ಮಂಚದ ಮುಂದೆ ನಿಂತಳು.

“ಅತ್ತಿ, ಅದು ನಂದ. ನಾ ನೂತದ್ದು.”

“ಗೊತ್ತ,” ಎಂದಳು ಶಾರವ್ವ.

“ಮತ್ತ ಯಾಕ ನಿಮ್ಮದಂತ ಹೇಳಿದ್ರಿ? ಅವತ್ತ ಎಳಿ ಹರದ ಮ್ಯಾಲ ಒಂದ ಸರ್ತಿನೂ ನನ್ನ ಕೈಗೆ ತಕಲಿ ಕೊಡಲಿಲ್ಲ ನೀವು. ಹೊಳಿದಂಡಿ ಮ್ಯಾಲ ಕಳ್ಳರಗತೆ ಕುಂತ ನೂತೇನಿ ನಾ. ಬಾತಿನ ಗೂಡ ಕಟ್ಟಾಕ ನೂತೇನಿ. ಈಗ ಅದೂ ನಿಮ್ಮದಾತೇನ?” ದನಿ ಏರಿತ್ತು, ಅವಳಿಗೆ ತನ್ನ ದನಿಯ ಗುರುತೇ ಸಿಗಲಿಲ್ಲ. ಈ ಮನೆಯ ಪಡಸಾಲೆಯಲ್ಲಿ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ.

ಶಾರವ್ವ ಏನೋ ಹೇಳಲು ಹೋದಳು. ಇಳಿದ ಬದಿಯಿಂದ ಜೊಲ್ಲು ಬಂತು, ಮಾತು ಬರಲಿಲ್ಲ. ಕಣ್ಣು ಮುಚ್ಚಿ, ಮಾತುಗಳನ್ನು ಒಂದೊಂದಾಗಿ ಎಲ್ಲಿಂದಲೋ ಹೊತ್ತು ತರುವವಳ ಹಾಗೆ ಸುಮ್ಮನಿದ್ದಳು. ಮಹೇಶ್ವರಿ ಸೆರಗಿನಿಂದ ಅವಳ ಬಾಯಿ ಒರೆಸಿದಳು, ಸಿಟ್ಟಿನಲ್ಲೇ ಒರೆಸಿದಳು.

“ಸುಳ್ಳ... ಆಗಬಾರ್ದು,” ಎಂದಳು ಶಾರವ್ವ. ಎಡಗೈಯನ್ನು ಹೊದ್ದ ಕಂಬಳಿಯ ಕೆಳಗಿನಿಂದ ಹೊರಗೆ ತೆಗೆದು, ಬೆರಳುಗಳನ್ನು ಬಿಡಿಸಿ ಚಾಚಿದಳು. ಆ ಕೈಯನ್ನು ಅವಳು ಯಾರ ಮುಂದೆಯೂ ಹಾಗೆ ಚಾಚಿದ್ದನ್ನು ಮಹೇಶ್ವರಿ ಕಂಡಿರಲಿಲ್ಲ. “ತೋರ್ಸು.”

ಹುಲ್ಲಪ್ಪ ಕೇಳಿದ ಇನ್ನೊಂದು ಉಂಡೆಯನ್ನು ಅತ್ತೆ ಆ ಕೈಯಿಂದಲೇ ನೂಲಹೊರಟಿದ್ದಾಳೆಂದು ಮಹೇಶ್ವರಿಗೆ ಆಗ ತಿಳಿಯಿತು. ಆಗುವುದಿಲ್ಲ ಎನ್ನಬಹುದಿತ್ತು. ಅದು ಅತ್ತೆಯೇ ತನಗೆ ಕಲಿಸಿದ ಮಾತು. ಆದರೆ ಶಾರವ್ವ ಚಾಚಿದ ಕೈಯನ್ನು ಎಷ್ಟು ಹೊತ್ತು ಹಾಗೆ ಹಿಡಿದಿರಲು ಸಾಧ್ಯ? ಅವಳು ಒಳಗೆ ಹೋಗಿ ತಕಲಿಯನ್ನೂ ಒಂದು ಹಿಡಿ ಹಿಂಜಿದ ಉಣ್ಣೆಯನ್ನೂ ತಂದಳು. ರೂಢಿಯಂತೆ ಮಂಚದ ಎದುರಿಗೆ ಮಣೆ ಎಳೆದುಕೊಂಡು ಕೂತು, ಒಮ್ಮೆ ತಿರುವಿ ತೋರಿಸಿದಳು. ಶಾರವ್ವ ಕಣ್ಣು ಕಿರಿದು ಮಾಡಿ ನೋಡಿ, ತಕಲಿಯನ್ನು ತೆಗೆದುಕೊಂಡು ತಿರುವಿದರೆ ಅದು ತಿರುಗುಮುರುಗಾಗಿ ತಿರುಗಿ ಎಳೆ ಬಿಚ್ಚಿ ಬಿತ್ತು. ಎದುರಿಗೆ ಕೂತವರ ಕೈ ನೋಡಿ ಕಲಿತರೆ ಎಡ ಬಲವಾಗುತ್ತದೆ. ಮಹೇಶ್ವರಿ ಮಣೆ ಬಿಟ್ಟು ಎದ್ದು, ಸುತ್ತಿ ಬಂದು, ಮಂಚದ ಮೇಲೆ ಅತ್ತೆಯ ಪಕ್ಕ ಭುಜಕ್ಕೆ ಭುಜ ತಾಗಿಸಿ ಕೂತಳು. ಇಬ್ಬರ ಮುಖವೂ ಹೊಳೆಯ ಕಡೆಗಿತ್ತು. ಉಣ್ಣೆಯನ್ನು ತಾನು ಹಿಡಿದು, ತಕಲಿಯನ್ನು ಶಾರವ್ವನ ಎಡಗೈಗೆ ಕೊಟ್ಟಳು.

“ಹಂಗ ಗಟ್ಟಿ ಹಿಡೀಬ್ಯಾಡ್ರಿ. ಸಡಲ ಬಿಡ್ರಿ.”

ತಕಲಿ ತಿರುಗಿತು. ಗೇಣುದ್ದ ಎಳೆ ಬಂತು, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಆಮೇಲೆ ಹರಿಯಿತು. ತಕಲಿ ಮಂಚದ ಕೆಳಗೆ ಉರುಳಿತು. ಶಾರವ್ವ ನಾಚಿಕೆಯಿಂದ ಮುಖ ಆಚೆ ತಿರುಗಿಸಿದಳು. ಮಹೇಶ್ವರಿಯ ಸಿಟ್ಟು ಹೋಗಿರಲಿಲ್ಲ, ಬೇಗ ಹೋಗುವಂಥದ್ದೂ ಅಲ್ಲ ಅದು. ಅವಳು ಬಗ್ಗಿ ತಕಲಿ ಎತ್ತಿಕೊಂಡು, ಹರಿದ ಎರಡು ತುದಿಗಳನ್ನು ತನ್ನ ತೊಡೆಯ ಮೇಲೆ ಎಡಕ್ಕೆ ಹೊಸೆದು ಕೂಡಿಸಿದಳು. ಜಗ್ಗಿ ನೋಡಿದಳು, ಹಿಡಿಯಿತು.

“ಇನ್ನೊಮ್ಮಿ ತಿರಿವ್ರಿ,” ಎಂದಳು.